ಸಣ್ಣ ವ್ಯಾಪಾರಕ್ಕೆ ಲಾಭರಹಿತ ಸಂಸ್ಥೆಯ ನೆರವು: ಕೇಳುವ ಮೊದಲು ಮತ್ತು ಪಡೆದ ಮೇಲೆ

"ಬ್ಯಾಂಕಿನವರು ನಮ್ಮಂಥವರನ್ನು ಹತ್ತಿರ ಸೇರಿಸುವುದಿಲ್ಲ, ಸಣ್ಣ ವ್ಯಾಪಾರಕ್ಕೆ ಹಣ ಕೊಡುವ ಸೇವಾಸಂಸ್ಥೆ ಯಾವುದಾದರೂ ಇದ್ದರೆ ತಿಳಿಸಿ" ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೊಲಿಗೆಯವರಿದ್ದಾರೆ, ರಿಪೇರಿ ಅಂಗಡಿಯವರಿದ್ದಾರೆ, ತಳ್ಳುಗಾಡಿಯವರಿದ್ದಾರೆ, ಮನೆಯಲ್ಲೇ ಸರಕು ತಯಾರಿಸಿ ಮಾರುವವರಿದ್ದಾರೆ. ಒಂದೆರಡು ಹೆಸರು ಹೇಳಿ ಉತ್ತರ ಮುಗಿಸುವುದು ಸುಲಭವಾಗಿತ್ತು. ಆದರೆ ಹೆಸರು ಗೊತ್ತಾದವರಿಗೆಲ್ಲ ನೆರವು ಸಿಗುವುದಿಲ್ಲ, ಸಿಕ್ಕವರಿಗೆಲ್ಲ ಅದು ಒದಗಿ ಬರುವುದೂ ಇಲ್ಲ. ತಮ್ಮ ವ್ಯಾಪಾರ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದನ್ನು ಸ್ವಂತ ಲೆಕ್ಕದಿಂದ ಕಂಡುಕೊಂಡು ಹೋದವರು ತಮಗೆ ಬೇಕಾದ ನೆರವನ್ನು ಪಡೆಯುತ್ತಾರೆ. ಹಾಗೆ ಕಂಡುಕೊಳ್ಳದೆ ಹೋದವರಿಗೆ ಆ ಸಂಸ್ಥೆಯ ಬಳಿ ಏನಿದೆಯೋ ಅದೇ ಸಿಗುತ್ತದೆ. ಈ ಲೇಖನದ ಅರ್ಧ ಭಾಗ ಸಂಸ್ಥೆಯ ಬಾಗಿಲು ತಟ್ಟುವ ಮುಂಚಿನ ಕೆಲಸದ ಬಗ್ಗೆಯೇ ಇರುವುದಕ್ಕೆ ಕಾರಣ ಅದು.

ಮುಂದೆ ಬರುವ ಕೆಲವು ಪದಗಳು

ಲಾಭರಹಿತ ಸಂಸ್ಥೆ ಎಂದರೆ, ಖರ್ಚು ಕಳೆದು ಮಿಕ್ಕ ಹಣವನ್ನು ಮಾಲೀಕರಿಗೋ ಪಾಲುದಾರರಿಗೋ ಹಂಚದೆ ತನ್ನ ಉದ್ದೇಶಕ್ಕೇ ಮರಳಿ ಹಾಕಬೇಕಾದ ಸಂಸ್ಥೆ. ಅದರ ಸೇವೆಯೆಲ್ಲ ಪುಕ್ಕಟೆ ಎಂದು ತಿಳಿಯಬಾರದು. ಅದು ಬಡ್ಡಿ ತೆಗೆದುಕೊಳ್ಳಬಹುದು, ಶುಲ್ಕ ಹಾಕಬಹುದು, ಸಿಬ್ಬಂದಿಗೆ ಸಂಬಳ ಕೊಡಬಹುದು. ಅನುದಾನ ಎಂದರೆ ಷರತ್ತುಗಳನ್ನು ಪಾಲಿಸಿದರೆ ಹಿಂದಿರುಗಿಸಬೇಕಿಲ್ಲದ ಹಣ. ಕಿರುಸಾಲ ಎಂದರೆ ಆಸ್ತಿಯ ಅಡಮಾನವಿಲ್ಲದೆ, ಸಣ್ಣ ಮೊತ್ತದಲ್ಲಿ, ಸಣ್ಣ ಕಂತುಗಳಲ್ಲಿ ತೀರಿಸುವ ಸಾಲ. ದುಡಿಯುವ ಬಂಡವಾಳ ಎಂದರೆ ಸರಕು ಕೊಂಡು, ಮಾರಿ, ಹಣ ಕೈಗೆ ಬರುವವರೆಗೆ ವ್ಯಾಪಾರವನ್ನು ನಡೆಸಿಕೊಂಡು ಹೋಗಲು ಬೇಕಾಗುವ ಹಣ.

ಇಂಥ ಸಂಸ್ಥೆಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಅಮೆರಿಕದಲ್ಲಿ 1964ರಲ್ಲಿ ಆರಂಭವಾದ ಸ್ಕೋರ್ ಸಂಸ್ಥೆಯಲ್ಲಿ ವ್ಯವಹಾರದಲ್ಲಿ ನುರಿತ ಸ್ವಯಂಸೇವಕರು ಶುಲ್ಕವಿಲ್ಲದೆ ಸಲಹೆ ಕೊಡುತ್ತಾರೆ, ಸಾಲ ಕೊಡುವುದಿಲ್ಲ. 1961ರಲ್ಲಿ ಸಮುದಾಯ ಅಭಿವೃದ್ಧಿಗೆಂದು ಹುಟ್ಟಿದ ಅಕ್ಸಿಯಾನ್ ಸಂಸ್ಥೆ 1973ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡಲು ತೊಡಗಿತು. ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ 'ಸೇವಾ' (SEWA) ಎಂಬ ಹೆಸರಿನ ಸಂಘಟನೆ, ಬೀದಿಬದಿಯ ವ್ಯಾಪಾರ ಮತ್ತು ಮನೆಯಲ್ಲೇ ಸರಕು ತಯಾರಿಸುವಂಥ ಸ್ವಂತ ದುಡಿಮೆಯ ಹೆಂಗಸರನ್ನು ಮೊದಲು ಸಂಘಟಿಸಿತು. ಅವರದೇ ಸಹಕಾರಿ ಬ್ಯಾಂಕು ಬಂದದ್ದು ಎರಡು ವರ್ಷಗಳ ನಂತರ, 1974ರಲ್ಲಿ. ಸಲಹೆ ಮಾತ್ರ ಕೊಡುವ ಸಂಸ್ಥೆಗೆ ಸಾಲ ಕೇಳಿಕೊಂಡು ಹೋಗಿ, ಸಿಗಲಿಲ್ಲವೆಂದು ಬೇಸರಪಟ್ಟು ಹಿಂದಿರುಗುವವರು ಬಹಳ ಮಂದಿ. ಹಾಗಾಗಿ ಯಾವ ಬಗೆಯ ನೆರವು ನಿಮಗೆ ಬೇಕೆಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಹಂತ 1: ವ್ಯಾಪಾರ ಎಲ್ಲಿ ತಡೆದಿದೆ ಎಂಬುದನ್ನು ಗುರುತಿಸಿ

ಗಿರಾಕಿಗಳು ಬಂದು ಸರಕಿಲ್ಲವೆಂದು ವಾಪಸು ಹೋಗುತ್ತಿದ್ದರೆ ನಿಮಗೆ ದುಡಿಯುವ ಬಂಡವಾಳ ಬೇಕು, ಅಲ್ಲಿ ಕಿರುಸಾಲ ಸಹಾಯಕ್ಕೆ ಬರುತ್ತದೆ. ಸರಕು ಕಪಾಟಿನಲ್ಲಿ ಕುಳಿತಿದ್ದು ಗಿರಾಕಿಗಳೇ ಬರುತ್ತಿಲ್ಲವಾದರೆ ನಿಮಗೆ ಬೇಕಾದದ್ದು ಮಾರುಕಟ್ಟೆಯ ಸಂಪರ್ಕ. ಈ ಸ್ಥಿತಿಯಲ್ಲಿ ಸಾಲ ತೆಗೆದುಕೊಂಡರೆ ಮಾರಾಟವಾಗದ ಸರಕಿನ ರಾಶಿ ದೊಡ್ಡದಾಗುತ್ತದೆ, ಜತೆಗೆ ಕಂತು ಸೇರಿಕೊಳ್ಳುತ್ತದೆ. ಮಾರಾಟ ಚೆನ್ನಾಗಿದ್ದೂ ತಿಂಗಳ ಕೊನೆಗೆ ಕೈ ಖಾಲಿಯಾಗುತ್ತಿದ್ದರೆ ತೊಡಕು ಬೆಲೆ ಕಟ್ಟುವುದರಲ್ಲಿದೆ, ಉದ್ರಿಯಲ್ಲಿದೆ ಅಥವಾ ಮನೆ ಖರ್ಚಿಗೆ ಎತ್ತಿಕೊಳ್ಳುವುದರಲ್ಲಿದೆ. ಇನ್ನು, ದೊಡ್ಡ ಕೊಳ್ಳುಗರು "ಬಿಲ್ ಕೊಡಿ, ನೋಂದಣಿ ಸಂಖ್ಯೆ ಕೊಡಿ" ಎಂದು ಕೇಳಿ ಸುಮ್ಮನಾಗುತ್ತಿದ್ದರೆ ನಿಮಗೆ ಬೇಕಾದದ್ದು ನೋಂದಣಿ ಮಾಡಿಸಿಕೊಡುವ ನೆರವು.

ಹೊಲಿಗೆಯವರ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೆಲಸ ಕೈಮೀರುತ್ತಿದೆ, ಎರಡನೆಯ ಯಂತ್ರಕ್ಕೆ ಸಾಲ ಬೇಕು ಎಂಬುದು ಅವರ ಬೇಡಿಕೆ. ಅಂಗಡಿಯೊಳಗೆ ಕಣ್ಣಾಡಿಸಿದರೆ ಗೋಡೆಯುದ್ದಕ್ಕೂ ಹೊಲಿದು ಮುಗಿಸಿ, ಇಸ್ತ್ರಿ ಹಾಕಿ, ಹೆಸರು ಬರೆದ ಚೀಟಿ ಚುಚ್ಚಿ ತೂಗುಹಾಕಿದ ಬಟ್ಟೆಗಳು ಕಾಣುತ್ತವೆ. ಅವುಗಳಲ್ಲಿ ಹಲವು ಎರಡು ಮೂರು ವಾರಗಳಿಂದ ಅಲ್ಲೇ ಇವೆ. ಹೊಲಿಯುವ ಮೊದಲು ಮುಂಗಡ ಪಡೆಯದ ಕಾರಣ ಗಿರಾಕಿಗೆ ಒಯ್ಯುವ ಅವಸರವಿಲ್ಲ. ದಾರ, ಗುಂಡಿ, ಲೈನಿಂಗ್ ಬಟ್ಟೆಗೆ ಹಾಕಿದ ಹಣವೂ ದುಡಿಮೆಯ ಕೂಲಿಯೂ ಆ ಗೋಡೆಯ ಮೇಲೇ ನೇತಾಡುತ್ತಿದೆ. ಎರಡನೆಯ ಯಂತ್ರ ಬಂದರೆ ಹಾಗೆ ನೇತಾಡುವ ಬಟ್ಟೆ ಇನ್ನಷ್ಟು ಹೆಚ್ಚುತ್ತದೆ. ಇವರಿಗೆ ಮೊದಲು ಬೇಕಾದದ್ದು ಅರ್ಧ ಮುಂಗಡ ಪಡೆಯುವ ಪದ್ಧತಿ. ಅದನ್ನು ರೂಢಿಗೆ ತರಲು ಸಲಹೆಗಾರರೊಬ್ಬರು ಸಾಕು, ಸಾಲದ ಅಗತ್ಯವಿಲ್ಲ. ಅದು ರೂಢಿಗೆ ಬಂದ ಮೇಲೂ ಕೆಲಸ ಕೈಮೀರಿದರೆ ಆಗ ಯಂತ್ರದ ಸಾಲಕ್ಕೆ ಅರ್ಥವಿರುತ್ತದೆ.

ಹಂತ 2: ಕನಿಷ್ಠ ಒಂದು ತಿಂಗಳ ಲೆಕ್ಕ ಬರೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಫಲ ಹೆಚ್ಚಾಗಿ ಸಿಗುವ ಹಂತವೂ ಇದೇ. ಇದಕ್ಕೆ ಲೆಕ್ಕಶಾಸ್ತ್ರ ಓದಿರಬೇಕಿಲ್ಲ, ಒಂದು ನೋಟುಪುಸ್ತಕ ಸಾಕು. ಪ್ರತಿದಿನ ಅಂಗಡಿ ಮುಚ್ಚುವ ಮುಂಚೆ ತಾರೀಖು, ಬಂದ ಹಣ, ಹೋದ ಹಣ, ಯಾವುದಕ್ಕೆ ಹೋಯಿತು ಎಂಬ ನಾಲ್ಕು ಅಂಕಣಗಳನ್ನು ತುಂಬಿ. ಉದ್ರಿ ಕೊಟ್ಟದ್ದಕ್ಕೆ ಬೇರೆಯೇ ಪುಟವಿರಲಿ. ಉದ್ರಿಯನ್ನು ಬಂದ ಹಣದ ಅಂಕಣದಲ್ಲಿ ಬರೆದರೆ ಇಲ್ಲದ ಹಣ ಇದ್ದಂತೆ ಕಾಣುತ್ತದೆ.

ಮನೆಯ ಹಣವನ್ನೂ ವ್ಯಾಪಾರದ ಹಣವನ್ನೂ ಎರಡು ಬೇರೆ ಪೆಟ್ಟಿಗೆಗಳಲ್ಲಿಡಿ. ನಿಮ್ಮ ದುಡಿಮೆಗೆ ವಾರಕ್ಕೊಮ್ಮೆ ನಿಗದಿಯಾದ ಕೂಲಿಯನ್ನು ವ್ಯಾಪಾರದ ಪೆಟ್ಟಿಗೆಯಿಂದ ಮನೆಯ ಪೆಟ್ಟಿಗೆಗೆ ಹಾಕಿಕೊಳ್ಳಿ, ಅದರಾಚೆಗೆ ಕೈ ಹಾಕಬೇಡಿ. ಡೊಮಿನಿಕನ್ ಗಣರಾಜ್ಯದಲ್ಲಿ ಕಿರುಸಾಲ ಪಡೆದ ಸಣ್ಣ ವ್ಯಾಪಾರಿಗಳ ನಡುವೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವರಿಗೆ ಪೂರ್ಣ ಪ್ರಮಾಣದ ಲೆಕ್ಕಪತ್ರ ತರಬೇತಿಯನ್ನೂ, ಇನ್ನು ಕೆಲವರಿಗೆ ಇಂಥ ಸರಳ ನಿಯಮಗಳನ್ನಷ್ಟೇ ಕಲಿಸಲಾಯಿತು. ಲೆಕ್ಕ ಇಡುವ ರೂಢಿ ಸುಧಾರಿಸಿದ್ದು ಸರಳ ನಿಯಮ ಕಲಿತವರಲ್ಲಿ. ಪೂರ್ಣ ತರಬೇತಿ ಪಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಓದು ಬರಹ ಕಡಿಮೆಯೆಂದು ಹಿಂಜರಿಯುವ ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ನನ್ನ ಒತ್ತಾಯದ ವಿನಂತಿ.

ಇಲ್ಲಿ ಸಾಮಾನ್ಯವಾಗಿ ಮೂರು ತಪ್ಪುಗಳಾಗುತ್ತವೆ. ಮಾರಲು ತಂದ ಸರಕನ್ನು ಮನೆಗೆ ಬಳಸಿಕೊಂಡು ಬರೆಯದೇ ಬಿಡುವುದು ಒಂದು. ಅಂಗಡಿಯ ವಾರ್ಷಿಕ ಪರವಾನಗಿ, ಯಂತ್ರದ ರಿಪೇರಿಯಂಥ ಅಪರೂಪದ ಖರ್ಚುಗಳು ಈ ತಿಂಗಳು ಬಂದಿಲ್ಲವೆಂದು ಮರೆಯುವುದು ಇನ್ನೊಂದು. ವರ್ಷಕ್ಕೆ ಅಂದಾಜು ಎಷ್ಟಾಗುತ್ತದೋ ಅದನ್ನು 12ರಿಂದ ಭಾಗಿಸಿ ಪ್ರತಿ ತಿಂಗಳ ಖರ್ಚಿಗೆ ಸೇರಿಸಿ. ಮೂರನೆಯದು, ಒಂದೇ ವಾರ ಬರೆದು ನಾಲ್ಕರಿಂದ ಗುಣಿಸುವುದು. ಯಾವ ವ್ಯಾಪಾರದಲ್ಲೂ ನಾಲ್ಕು ವಾರಗಳು ಒಂದೇ ರೀತಿ ಇರುವುದಿಲ್ಲ.

ತಿಂಗಳ ಕೊನೆಗೆ ಎಲ್ಲ ಖರ್ಚನ್ನೂ ನಿಮ್ಮ ಕೂಲಿಯನ್ನೂ ಕಳೆದು ಮಿಕ್ಕದ್ದು ಎಷ್ಟೆಂದು ನೋಡಿ. ವರ್ಷದ ಅತಿ ಮಂದ ತಿಂಗಳಲ್ಲಿ ಇದು ಎಷ್ಟಿರಬಹುದೆಂದು ಪ್ರಾಮಾಣಿಕವಾಗಿ ಅಂದಾಜಿಸಿ. ಆ ಮಂದ ತಿಂಗಳಲ್ಲಿ ಮಿಕ್ಕುವ ಹಣದ ಅರ್ಧಕ್ಕಿಂತ ಹೆಚ್ಚಿನ ಕಂತಿಗೆ ಒಪ್ಪಬಾರದು ಎಂಬುದು ನನ್ನ ಸಲಹೆ. ಸಾಲದ ಅಧಿಕಾರಿ ಎಷ್ಟೇ ಉದಾರವಾಗಿ ಹೆಚ್ಚಿನ ಮೊತ್ತ ಮುಂದಿಟ್ಟರೂ ನಿಮ್ಮ ಮಿತಿ ಈ ಅಂಕಿಯೇ ಆಗಿರಲಿ.

ಹಂತ 3: ಕಾಗದಪತ್ರ ಜೋಡಿಸಿ

ಗುರುತಿನ ದಾಖಲೆ, ವಿಳಾಸದ ದಾಖಲೆ, ಇದ್ದರೆ ವ್ಯಾಪಾರದ ನೋಂದಣಿ ಅಥವಾ ಪರವಾನಗಿ, ಬ್ಯಾಂಕ್ ಖಾತೆಯ ಕಳೆದ ಕೆಲವು ತಿಂಗಳ ವಿವರ, ಅಂಗಡಿಯ ಬಾಡಿಗೆ ಕರಾರು, ಸರಕು ಕೊಂಡ ಬಿಲ್ಲುಗಳು ಮತ್ತು ನಿಮ್ಮ ಲೆಕ್ಕದ ಪುಸ್ತಕ ಒಂದೇ ಕಡೆ ಇರಲಿ. ನೋಂದಣಿ ಇಲ್ಲವೆಂದು ಹಿಂದೆ ಸರಿಯಬೇಡಿ, ಅದನ್ನು ಮಾಡಿಸಿಕೊಡುವುದೇ ಕೆಲವು ಸಂಸ್ಥೆಗಳ ಮುಖ್ಯ ಕೆಲಸ. ಪ್ರತಿಗಳನ್ನು ಮಾತ್ರ ಕೊಡಿ, ಮೂಲ ದಾಖಲೆಗಳನ್ನು ತೋರಿಸಿ ವಾಪಸು ತನ್ನಿ. ಖಾಲಿ ಕಾಗದಕ್ಕೋ ಖಾಲಿ ಚೆಕ್ಕಿಗೋ ಸಹಿ ಹಾಕಿ ಕೊಡಬೇಡಿ. ಕಾರ್ಡಿನ ಪಿನ್ ಸಂಖ್ಯೆಯನ್ನೂ ಫೋನಿಗೆ ಬರುವ ಒಟಿಪಿಯನ್ನೂ ಯಾರಿಗೂ ಹೇಳಬೇಡಿ, ಕೇಳುವವರು ಎಷ್ಟೇ ಪರಿಚಿತರಾಗಿದ್ದರೂ.

ಹಂತ 4: ಸಂಸ್ಥೆಯನ್ನು ಹುಡುಕಿ, ಪರೀಕ್ಷಿಸಿ

ಸ್ಥಳೀಯ ಆಡಳಿತದ ಸಣ್ಣ ಉದ್ಯಮ ವಿಭಾಗ, ವ್ಯಾಪಾರಿಗಳ ಸಂಘ, ಸಾರ್ವಜನಿಕ ಗ್ರಂಥಾಲಯ, ನಿಮಗೆ ಸರಕು ಪೂರೈಸುವವರು, ಈಗಾಗಲೇ ನೆರವು ಪಡೆದ ಅಕ್ಕಪಕ್ಕದ ಅಂಗಡಿಯವರು ಹುಡುಕಾಟ ಆರಂಭಿಸಲು ತಕ್ಕ ಮೂಲಗಳು. ಸಂಸ್ಥೆಯ ಹೆಸರು ಸಿಕ್ಕ ಕೂಡಲೇ ಅರ್ಹತೆಯ ಷರತ್ತುಗಳನ್ನು ಓದಿ. ಇಂಥ ಪ್ರದೇಶದವರಿಗೆ, ಇಂಥ ಸಮುದಾಯದವರಿಗೆ, ವ್ಯಾಪಾರ ಶುರುವಾಗಿ ಇಷ್ಟು ವರ್ಷವಾದವರಿಗೆ ಮಾತ್ರ ಎಂಬ ನಿಬಂಧನೆಗಳು ಸಾಮಾನ್ಯವಾಗಿ ದಾನಿಗಳಿಂದ ಬಂದಿರುತ್ತವೆ. ಅವನ್ನು ಸಡಿಲಿಸುವ ಅಧಿಕಾರ ಎದುರಿಗೆ ಕುಳಿತ ಸಿಬ್ಬಂದಿಗೆ ಇರುವುದಿಲ್ಲ. ಷರತ್ತು ಹೊಂದದಿದ್ದರೆ ವಾದಿಸುತ್ತ ಕೂರದೆ, ಹೊಂದುವ ಬೇರೆ ಸಂಸ್ಥೆಯ ಹೆಸರನ್ನು ಅವರಿಂದಲೇ ಕೇಳಿ ಪಡೆಯಿರಿ. ಇಂಥ ಸಂಸ್ಥೆಗಳಿಗೆ ಪರಸ್ಪರರ ಕೆಲಸ ಚೆನ್ನಾಗಿ ತಿಳಿದಿರುತ್ತದೆ.

ಸಂಸ್ಥೆ ನಿಮ್ಮನ್ನು ಪರೀಕ್ಷಿಸುವಂತೆ ನೀವೂ ಅದನ್ನು ಪರೀಕ್ಷಿಸಬೇಕು. ಅದರ ನೋಂದಣಿ ಸಂಖ್ಯೆಯನ್ನು ಕೇಳಿ ಸರ್ಕಾರಿ ದಾಖಲೆಯಲ್ಲಿ ಹುಡುಕಿ. ವಾರ್ಷಿಕ ವರದಿಯನ್ನೂ ಲೆಕ್ಕಪರಿಶೋಧನೆಯಾದ ಲೆಕ್ಕವನ್ನೂ ತೋರಿಸುವರೇ ನೋಡಿ. ಕಳೆದ ವರ್ಷ ನೆರವು ಪಡೆದ ಇಬ್ಬರೊಂದಿಗೆ ಮಾತನಾಡಿ, ಆ ಇಬ್ಬರನ್ನು ಸಂಸ್ಥೆ ಆರಿಸಿಕೊಡದೆ ನೀವೇ ಹುಡುಕಿಕೊಂಡಿದ್ದರೆ ಒಳ್ಳೆಯದು. "ಕಂತು ಒಂದು ಸಲ ತಪ್ಪಿದಾಗ ಅವರು ಹೇಗೆ ನಡೆದುಕೊಂಡರು?" ಎಂದು ಕೇಳಿದರೆ ಕರಪತ್ರದಲ್ಲಿ ಇಲ್ಲದ ಸಂಗತಿಗಳು ತಿಳಿಯುತ್ತವೆ.

ಎಚ್ಚರಿಕೆ: ಅನುದಾನವೋ ಸಾಲವೋ ಮಂಜೂರಾಗಿದೆ, ಬಿಡುಗಡೆಗೆ ಮೊದಲು ಇಷ್ಟು ಹಣ ಕಟ್ಟಿ ಎಂದು ಫೋನು, ಸಂದೇಶ ಅಥವಾ ಮಧ್ಯವರ್ತಿಯ ಮೂಲಕ ಯಾರೇ ಹೇಳಿದರೂ ಅಲ್ಲಿಗೇ ನಿಲ್ಲಿಸಿ. ನಂಬಿಕಸ್ಥ ಸಂಸ್ಥೆಗೆ ಶುಲ್ಕವಿದ್ದರೆ ಅದು ಅರ್ಜಿಯ ನಿಯಮಗಳಲ್ಲೇ ಬರೆದಿರುತ್ತದೆ ಮತ್ತು ಅದಕ್ಕೆ ಸಂಸ್ಥೆಯ ಹೆಸರಿನ ರಸೀದಿ ಸಿಗುತ್ತದೆ. ಹೆಸರಾಂತ ಸಂಸ್ಥೆಯ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡ ಮೋಸಗಾರರೂ ಇರುವುದರಿಂದ, ವಿಳಾಸ ಮತ್ತು ನೋಂದಣಿ ಸಂಖ್ಯೆ ಎರಡೂ ತಾಳೆಯಾಗಬೇಕು.

ಹಂತ 5: ಅರ್ಜಿ ಮತ್ತು ಮೊದಲ ಭೇಟಿ

ಅರ್ಜಿಯ ನಮೂನೆ ಏನೇ ಇರಲಿ, ಒಂದು ಪುಟದಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಏನು ಮಾರುತ್ತೀರಿ, ಯಾರು ಕೊಳ್ಳುತ್ತಾರೆ? ಕಳೆದ ತಿಂಗಳು ಎಷ್ಟು ಬಂತು, ಎಷ್ಟು ಮಿಕ್ಕಿತು? ಈಗ ಯಾವುದು ತಡೆಯಾಗಿದೆ? ಕೇಳುತ್ತಿರುವ ನೆರವಿನಿಂದ ಆ ತಡೆ ಹೇಗೆ ನೀಗುತ್ತದೆ? "ವ್ಯಾಪಾರ ವಿಸ್ತರಿಸಲು ಸಹಾಯ ಮಾಡಬೇಕಾಗಿ ವಿನಂತಿ" ಎಂಬ ಸಾಲಿನಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. "ವಾರಕ್ಕೆ ಸರಾಸರಿ ಹತ್ತು ಗಿರಾಕಿಗಳು ಅಂಚು ಹೊಲಿಯುವ ಯಂತ್ರವಿಲ್ಲದ ಕಾರಣ ಬೇರೆ ಅಂಗಡಿಗೆ ಹೋಗುತ್ತಿದ್ದಾರೆ, ಅವರ ಹೆಸರು ನನ್ನ ಪುಸ್ತಕದಲ್ಲಿದೆ, ಯಂತ್ರದ ದರಪಟ್ಟಿಯನ್ನು ಲಗತ್ತಿಸಿದ್ದೇನೆ" ಎಂದು ಬರೆದರೆ ಒಪ್ಪಿಗೆ ಕೊಡುವವರಿಗೆ ಹಿಡಿದುಕೊಳ್ಳಲು ಒಂದು ಆಧಾರ ಸಿಗುತ್ತದೆ. ಅಂಕಿಗಳನ್ನು ಉಬ್ಬಿಸಬೇಡಿ. ಉಬ್ಬಿಸಿದ ಆದಾಯಕ್ಕೆ ತಕ್ಕ ಕಂತನ್ನು ಕಟ್ಟಬೇಕಾಗುವುದು ನೀವೇ.

ಇದರ ಜತೆಗೆ, ನಿಮ್ಮ ಕಷ್ಟವನ್ನು ಪ್ರದರ್ಶನಕ್ಕಿಡುವ ಅಗತ್ಯ ನಿಮಗಿಲ್ಲ. ಕೆಲವು ಸಂಸ್ಥೆಗಳು ದಾನಿಗಳಿಗೆ ತೋರಿಸಲು ಫಲಾನುಭವಿಗಳ ಫೋಟೊ, ಜೀವನದ ಕಥೆ ಕೇಳುತ್ತವೆ. ಎಲ್ಲಿ ಬಳಸುತ್ತೀರಿ, ಎಷ್ಟು ಕಾಲ ಬಳಸುತ್ತೀರಿ, ನಾನು ಒಪ್ಪದಿದ್ದರೆ ನೆರವು ನಿಲ್ಲುತ್ತದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಮಕ್ಕಳ ಫೋಟೊ ಕೇಳಿದರೆ ಇನ್ನೂ ಎಚ್ಚರವಾಗಿರಿ. ವ್ಯಾಪಾರಿಯಾಗಿ ಹೋದವರನ್ನು ವ್ಯಾಪಾರಿಯಾಗಿಯೇ ನಡೆಸಿಕೊಳ್ಳುವ ಸಂಸ್ಥೆ ಸಿಕ್ಕರೆ ಅದರೊಡನೆ ದೀರ್ಘಕಾಲದ ಸಂಬಂಧ ಇಟ್ಟುಕೊಳ್ಳಿ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮುಂದಿನ ಅರ್ಜಿಗೆ ಅದಕ್ಕಿಂತ ಉಪಯುಕ್ತವಾದ ಸೂಚನೆ ಬೇರೆ ಸಿಗದು.

ಹಂತ 6: ಹಣದ ಷರತ್ತುಗಳನ್ನು ಲೆಕ್ಕ ಹಾಕಿ ನೋಡಿ

ಸಾಲಕ್ಕೆ ಬಡ್ಡಿಯ ದರವನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಫ್ಲಾಟ್ ದರದಲ್ಲಿ, ನೀವು ಅಸಲನ್ನು ತೀರಿಸುತ್ತ ಹೋದರೂ ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ ಕೊನೆಯವರೆಗೆ ಬಡ್ಡಿ ಹಾಕುತ್ತಾರೆ. ಇಳಿಯುವ ಬಾಕಿಯ ದರದಲ್ಲಿ, ಇನ್ನೂ ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ. 100ರ ಸಾಲವನ್ನು 12 ಸಮನಾದ ಮಾಸಿಕ ಕಂತುಗಳಲ್ಲಿ ತೀರಿಸುತ್ತೀರಿ ಎಂದಿಟ್ಟುಕೊಳ್ಳಿ. ದರ ಶೇ. 12 ಫ್ಲಾಟ್ ಆದರೆ ಒಟ್ಟು 112 ಕಟ್ಟುತ್ತೀರಿ. ಅದೇ ಶೇ. 12 ಇಳಿಯುವ ಬಾಕಿಯ ದರವಾದರೆ ಕಟ್ಟುವುದು ಸುಮಾರು 106.60 ಮಾತ್ರ. ಬೇರೆ ರೀತಿಯಲ್ಲಿ ಹೇಳುವುದಾದರೆ, ಶೇ. 12ರ ಫ್ಲಾಟ್ ದರ ಇಳಿಯುವ ಬಾಕಿಯ ಲೆಕ್ಕದಲ್ಲಿ ಶೇ. 21ಕ್ಕಿಂತ ಹೆಚ್ಚಾಗುತ್ತದೆ. ಅದರ ಮೇಲೆ ಸಂಸ್ಕರಣಾ ಶುಲ್ಕವೆಂದು 2 ಮುರಿದುಕೊಂಡು ನಿಮ್ಮ ಕೈಗೆ 98 ಕೊಟ್ಟರೆ ನಿಜವಾದ ದರ ಶೇ. 25ರ ಆಸುಪಾಸಿಗೆ ಏರುತ್ತದೆ. ಕಡ್ಡಾಯ ಉಳಿತಾಯವೆಂದು 10ನ್ನು ಸಂಸ್ಥೆಯೇ ಹಿಡಿದಿಟ್ಟುಕೊಂಡರೆ ನೀವು ಬಳಸುವ ಹಣ ಇನ್ನೂ ಕಡಿಮೆಯಾಗುತ್ತದೆ, ಬಡ್ಡಿ ಮಾತ್ರ 100ಕ್ಕೇ ಇರುತ್ತದೆ.

ಇದನ್ನೆಲ್ಲ ಸೂತ್ರ ಹಾಕಿ ಲೆಕ್ಕ ಮಾಡಲು ಆಗದಿದ್ದರೆ ಮೂರು ಪ್ರಶ್ನೆ ಕೇಳಿ: ಮೊದಲ ದಿನ ನನ್ನ ಕೈಗೆ ಎಷ್ಟು ಬರುತ್ತದೆ? ಪ್ರತಿ ಕಂತು ಎಷ್ಟು, ಒಟ್ಟು ಎಷ್ಟು ಕಂತುಗಳು? ಇದರ ಹೊರತಾಗಿ ವಿಮೆ, ಶುಲ್ಕ, ದಂಡ ಎಂದು ಬೇರೇನು ಕಟ್ಟಬೇಕು? ಉತ್ತರವನ್ನು ಬರೆಸಿಕೊಂಡು, ಬೇರೆ ಎರಡು ಕಡೆ ಸಿಕ್ಕ ಉತ್ತರದ ಪಕ್ಕದಲ್ಲಿಟ್ಟು ನೋಡಿ. ಕಂತಿನ ಪಟ್ಟಿ ನಿಮಗೆ ಓದಲು ಬರುವ ಭಾಷೆಯಲ್ಲಿರಲಿ.

"ಬಡ್ಡಿಯಿಲ್ಲದ ಸಾಲ" ಎಂಬ ಮಾತನ್ನೂ ವಿಚಾರಿಸಿ ನೋಡಬೇಕು. 2005ರಲ್ಲಿ ಆರಂಭವಾದ ಕಿವಾ ಸಂಸ್ಥೆಯ ಮೂಲಕ ಯಾರು ಬೇಕಾದರೂ ಸಣ್ಣ ಮೊತ್ತದಿಂದ ಮೊದಲುಗೊಂಡು ದೂರದ ವ್ಯಾಪಾರಿಯೊಬ್ಬರಿಗೆ ಸಾಲ ಕೊಡಬಹುದು, ಹಾಗೆ ಹಣ ಹಾಕಿದವರು ಬಡ್ಡಿ ಪಡೆಯುವುದಿಲ್ಲ. ಆದರೆ ಬಹಳ ಕಡೆ ಆ ಹಣವನ್ನು ವ್ಯಾಪಾರಿಗೆ ತಲುಪಿಸಿ ಕಂತು ವಸೂಲು ಮಾಡುವುದು ಸ್ಥಳೀಯ ಪಾಲುದಾರ ಸಂಸ್ಥೆ, ತನ್ನ ಖರ್ಚಿಗೆಂದು ಅದು ಸಾಮಾನ್ಯವಾಗಿ ಬಡ್ಡಿ ಹಾಕುತ್ತದೆ. ಇದರಲ್ಲಿ ಮೋಸವೇನಿಲ್ಲ. ನೀವು ಕೇಳಬೇಕಾದದ್ದು ಸ್ಥಳೀಯ ಸಂಸ್ಥೆಯ ದರವನ್ನು, ಅಷ್ಟೇ.

ಗುಂಪು ಜಾಮೀನು ಎಂದರೆ ಸದಸ್ಯರೊಬ್ಬರು ಕಟ್ಟದಿದ್ದರೆ ಉಳಿದವರು ಸೇರಿ ಕಟ್ಟಬೇಕಾದ ಏರ್ಪಾಡು. ಅಡಮಾನ ಇಡಲು ಏನೂ ಇಲ್ಲದವರಿಗೆ ಇದು ಸಾಲದ ಬಾಗಿಲು ತೆರೆಯಿತೆಂಬುದು ನಿಜ, ಆದರೆ ಸಂಬಂಧಗಳು ಮುರಿದುಬಿದ್ದದ್ದೂ ಇಲ್ಲಿಯೇ. ಯಾರ ವ್ಯಾಪಾರವನ್ನು ನೀವು ಕಣ್ಣಾರೆ ಕಂಡಿದ್ದೀರೋ ಅವರೊಡನೆ ಮಾತ್ರ ಗುಂಪು ಸೇರಿ. ಬೇರೆಯವರಿಗಾಗಿ ನಿಮ್ಮ ಹೆಸರಿನಲ್ಲಿ ಸಾಲ ತೆಗೆಯಬೇಡಿ. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಂಸ್ಥೆಯಲ್ಲಿ ಸಾಲ ಮಾಡುವ ಸರಪಳಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಆಂಧ್ರಪ್ರದೇಶದ 2010ರ ಕಿರುಸಾಲ ಬಿಕ್ಕಟ್ಟು ಕಣ್ಣೆದುರಿಗಿದೆ. ಹಲವು ಸಂಸ್ಥೆಗಳಿಂದ ಒಂದೇ ಮನೆಗೆ ಹರಿದ ಸಾಲ ಮತ್ತು ವಸೂಲಾತಿಯ ಒತ್ತಡ ಮಿತಿಮೀರಿ, ಆ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. 2015ರಲ್ಲಿ ಬೋಸ್ನಿಯಾ, ಇಥಿಯೋಪಿಯ, ಭಾರತ, ಮೆಕ್ಸಿಕೊ, ಮಂಗೋಲಿಯ ಮತ್ತು ಮೊರಾಕ್ಕೊ ದೇಶಗಳ ಆರು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಕಿರುಸಾಲದಿಂದ ಕೆಲವರ ವ್ಯಾಪಾರ ಬೆಳೆದದ್ದುಂಟು, ಆದರೆ ಸರಾಸರಿ ಕುಟುಂಬದ ಬದುಕು ಅದರಿಂದ ಪೂರ್ತಿ ಬದಲಾಗಲಿಲ್ಲ ಎಂಬುದು ಅವುಗಳ ಒಟ್ಟು ಅಭಿಪ್ರಾಯ. ಸಾಲದಿಂದ ಅದು ಮಾಡಬಲ್ಲ ಕೆಲಸವನ್ನಷ್ಟೇ ನಿರೀಕ್ಷಿಸಿ.

ಅನುದಾನಕ್ಕೂ ಅದರದೇ ತೊಡಕುಗಳಿವೆ. ಕೆಲವು ಅನುದಾನಗಳಲ್ಲಿ ಮೊದಲು ನೀವೇ ಖರ್ಚು ಮಾಡಿ, ಬಿಲ್ಲು ತೋರಿಸಿದ ಮೇಲೆ ಹಣ ಬರುತ್ತದೆ. ಆ ನಡುವಿನ ಅವಧಿಗೆ ಹಣ ಎಲ್ಲಿಂದ ತರುತ್ತೀರಿ ಎಂದು ಯೋಚಿಸದೆ ಒಪ್ಪಿಕೊಂಡವರು ಲೇವಾದೇವಿಯವರ ಬಳಿ ಹೋಗಬೇಕಾಗುತ್ತದೆ. ಕೆಲವದರಲ್ಲಿ ನಿಮ್ಮ ಪಾಲಿನ ಹಣವನ್ನೂ ಹಾಕಬೇಕು. ಯಾವ ವಸ್ತುವಿಗೆಂದು ಬಂತೋ ಅದಕ್ಕೇ ಬಳಸಬೇಕು, ಬದಲಾಯಿಸುವುದಿದ್ದರೆ ಮೊದಲೇ ಲಿಖಿತ ಅನುಮತಿ ಪಡೆಯಬೇಕು. ಅನುದಾನದ ಹಣಕ್ಕೆ ತೆರಿಗೆ ಬೀಳುತ್ತದೆಯೇ ಎಂಬುದನ್ನೂ ಒಪ್ಪುವ ಮೊದಲೇ ಕೇಳಿಕೊಳ್ಳಿ.

ಹಂತ 7: ತರಬೇತಿಯನ್ನೂ ಸಲಹೆಗಾರರನ್ನೂ ಆರಿಸಿಕೊಳ್ಳಿ

ತರಬೇತಿಯೆಂದರೆ ಪ್ರಮಾಣಪತ್ರ ಕೊಡುವ ಒಂದು ಶಾಸ್ತ್ರ ಎಂದು ಅನೇಕರು ತಿಳಿದಿದ್ದಾರೆ. ಸಾಲ ಬೇಕಾದರೆ ಕೂರಲೇಬೇಕು ಎಂಬ ಷರತ್ತು ಇದ್ದಾಗ ಹಾಗೆ ಅನ್ನಿಸುವುದು ಸಹಜ. ಆದರೆ ತರಬೇತಿಗಳ ನಡುವೆ ಬಹಳ ಅಂತರವಿದೆ. ಟೋಗೊ ದೇಶದ ಲೋಮೆ ನಗರದಲ್ಲಿ 1,500 ಸಣ್ಣ ಉದ್ಯಮಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲೆಕ್ಕ, ಮಾರಾಟ, ಹಣಕಾಸಿನ ಮಾಮೂಲಿ ಪಾಠಗಳನ್ನು ಹೇಳಿಕೊಡಲಾಯಿತು. ಇನ್ನೊಂದು ಗುಂಪಿಗೆ ತಾವಾಗಿ ಮುಂದಡಿ ಇಡುವುದು, ಪಕ್ಕದವರಿಗಿಂತ ಭಿನ್ನವಾದ ಸರಕನ್ನು ಯೋಚಿಸುವುದು, ಅಡ್ಡಿ ಬಂದಾಗ ಬೇರೆ ದಾರಿ ಹುಡುಕುವುದನ್ನು ಅಭ್ಯಾಸ ಮಾಡಿಸಲಾಯಿತು. ಮೂರನೆಯ ಗುಂಪಿಗೆ ತರಬೇತಿ ಇರಲಿಲ್ಲ. ತರಬೇತಿ ಇಲ್ಲದವರಿಗೆ ಹೋಲಿಸಿದರೆ ಎರಡನೆಯ ಗುಂಪಿನವರ ಲಾಭ ಶೇ. 30ರಷ್ಟು ಹೆಚ್ಚಿತು. ಮಾಮೂಲಿ ಪಾಠ ಕಲಿತವರಲ್ಲಿ ಕಂಡ ಏರಿಕೆ ಶೇ. 11, ಅದೂ ತರಬೇತಿಯಿಂದಲೇ ಬಂದದ್ದೆಂದು ಖಚಿತವಾಗಿ ಹೇಳಲು ಸಾಲದಷ್ಟು ಚಿಕ್ಕದು.

ಹಾಗಾಗಿ ಸೇರುವ ಮೊದಲು ಕೇಳಿ: ತರಗತಿಯಲ್ಲಿ ನನ್ನದೇ ವ್ಯಾಪಾರದ ಮೇಲೆ ಕೆಲಸ ಮಾಡಿಸುತ್ತೀರಾ? ಮುಗಿದ ಮೇಲೆ ಯಾರಾದರೂ ಅಂಗಡಿಗೆ ಬಂದು ನೋಡುತ್ತಾರೆಯೇ? ತರಗತಿಯ ಹೊತ್ತು ವ್ಯಾಪಾರದ ಮುಖ್ಯ ಹೊತ್ತಿನಲ್ಲಿದ್ದರೆ ಬದಲಿ ಸಮಯ ಇದೆಯೇ? ಮಗುವನ್ನು ಕರೆತರಬಹುದೇ? ದಿನದ ದುಡಿಮೆ ಬಿಟ್ಟು ಬರುವವರ ನಷ್ಟವೂ ತರಬೇತಿಯ ವೆಚ್ಚವೇ, ಸಂಸ್ಥೆಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಕೇಳುವುದರಲ್ಲಿ ಸಂಕೋಚ ಬೇಡ.

ಸಲಹೆಗಾರರು ಸಿಕ್ಕರೆ ಪ್ರತಿ ಭೇಟಿಗೂ ಒಂದೇ ಒಂದು ಪ್ರಶ್ನೆ ತೆಗೆದುಕೊಂಡು ಹೋಗಿ, ಒಂದೇ ಒಂದು ಕೆಲಸ ಒಪ್ಪಿಕೊಂಡು ಬನ್ನಿ. ನಿಮ್ಮ ಬಗೆಯ ವ್ಯಾಪಾರ ಮಾಡಿ ಗೊತ್ತಿಲ್ಲದವರಾದರೆ ಬೇರೆಯವರನ್ನು ಕೇಳಿ ಪಡೆಯಬಹುದು, ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ.

ಹಂತ 8: ನೆರವು ಸಿಕ್ಕ ಮೇಲೆ

ಕಟ್ಟಿದ ಪ್ರತಿ ಕಂತಿಗೂ ರಸೀದಿ ಪಡೆದು ಲೆಕ್ಕದ ಪುಸ್ತಕದಲ್ಲೇ ಅಂಟಿಸಿ. ಕಂತು ಕಟ್ಟಲಾಗದೆಂದು ಕಂಡುಬಂದರೆ ತಾರೀಖು ಬರುವ ಮುನ್ನವೇ ಹೋಗಿ ಹೇಳಿ. ಅವಧಿ ವಿಸ್ತರಣೆ ಅಥವಾ ಕಂತಿನ ಮರುಹೊಂದಿಕೆ ಮುಂಚಿತವಾಗಿ ಕೇಳಿದವರಿಗೆ ಸಿಗುವ ಸಾಧ್ಯತೆ ಹೆಚ್ಚು, ಬಾಗಿಲು ಹಾಕಿಕೊಂಡು ತಪ್ಪಿಸಿಕೊಂಡವರಿಗೆ ಕಡಿಮೆ. ಸಿಬ್ಬಂದಿ ಬೆದರಿಸಿದರೆ, ಅವೇಳೆಯಲ್ಲಿ ಮನೆಗೆ ಬಂದರೆ, ನೆರೆಹೊರೆಯವರ ಎದುರು ಅವಮಾನಿಸಿದರೆ ದಿನ, ಹೊತ್ತು, ಆಡಿದ ಮಾತು ಬರೆದಿಟ್ಟು ಸಂಸ್ಥೆಯ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಆ ಸಂಸ್ಥೆಯನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರಕ್ಕೆ ಹೋಗಿ. ಸಾಲ ಪಡೆದವರು ಮರ್ಯಾದೆಯನ್ನು ಅಡವಿಟ್ಟಿಲ್ಲ.

ಹಂತ 9: ಹತ್ತಿರದಲ್ಲಿ ಯಾವ ಸಂಸ್ಥೆಯೂ ಇಲ್ಲದಿದ್ದರೆ

ಹೊರಗಿನ ಹಣವಿಲ್ಲದೆಯೂ ಆರಂಭಿಸಬಹುದಾದ ಒಂದು ಏರ್ಪಾಡಿದೆ. 1991ರಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ನೈಜರ್ ದೇಶದ ಹಳ್ಳಿಗಳ ಹೆಂಗಸರೊಡನೆ ರೂಪಿಸಿದ ಉಳಿತಾಯ ಮತ್ತು ಸಾಲದ ಗುಂಪು ಅದು. ಸಾಮಾನ್ಯವಾಗಿ 15ರಿಂದ 25 ಸದಸ್ಯರು ಪ್ರತಿ ವಾರವೋ ಹದಿನೈದು ದಿನಕ್ಕೊಮ್ಮೆಯೋ ಸೇರಿ ತಮ್ಮ ಶಕ್ತಿಯಷ್ಟು ಪಾಲು ಹಾಕುತ್ತಾರೆ. ಆ ಹಣದಿಂದಲೇ ಸದಸ್ಯರಿಗೆ ಸಾಲ, ಬಡ್ಡಿ ಎಷ್ಟೆಂಬುದು ಸದಸ್ಯರದೇ ತೀರ್ಮಾನ. ಹಣ ಮೂರು ಬೀಗದ ಪೆಟ್ಟಿಗೆಯಲ್ಲಿರುತ್ತದೆ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಮೂರು ಕೀಲಿಕೈಗಳು ಬೇರೆ ಮೂವರ ಬಳಿ ಇರುವುದರಿಂದ ಎಲ್ಲರೂ ಸೇರದೆ ಅದು ತೆರೆಯುವುದಿಲ್ಲ. ಎಣಿಕೆ ಎಲ್ಲರ ಎದುರಿಗೇ ಗಟ್ಟಿಯಾಗಿ ನಡೆಯುತ್ತದೆ. ಸುಮಾರು ಒಂದು ವರ್ಷವಾದ ಮೇಲೆ ಪೂರ್ತಿ ಹಣವನ್ನು ಬಡ್ಡಿ ಸಹಿತ ಪಾಲಿಗೆ ತಕ್ಕಂತೆ ಹಂಚಿಕೊಂಡು, ಬೇಕೆನಿಸಿದವರು ಹೊಸ ಸುತ್ತು ಆರಂಭಿಸುತ್ತಾರೆ.

ಮೊದಲ ಸುತ್ತಿನಲ್ಲಿ ಸಾಲದ ಮೊತ್ತವನ್ನು ಸಣ್ಣದಾಗಿಡಿ. ಪದಾಧಿಕಾರಿಗಳನ್ನು ಪ್ರತಿ ಸುತ್ತಿಗೂ ಹೊಸದಾಗಿ ಆರಿಸಿ, ಮತ್ತು ಒಂದೇ ಕುಟುಂಬದ ಇಬ್ಬರ ಕೈಗೆ ಎರಡು ಕೀಲಿಕೈ ಹೋಗದಂತೆ ನೋಡಿಕೊಳ್ಳಿ. ಎರಡು ಸುತ್ತು ತಪ್ಪಿಲ್ಲದೆ ನಡೆದ ಗುಂಪಿನ ಪಾಸ್‌ಪುಸ್ತಕ ನಿಮ್ಮ ಶಿಸ್ತಿಗೆ ದಾಖಲೆಯಾಗುತ್ತದೆ. ಮುಂದೆ ಯಾವುದಾದರೂ ಸಂಸ್ಥೆ ನಿಮ್ಮ ಕಡೆಗೆ ಬಂದಾಗ ಹಂತ 3ರ ಕಾಗದಗಳ ಜತೆಗೆ ಅದನ್ನೂ ಇಡಿ.